ಜಾಹೀರಾತಿನ ಚಿತ್ರಚೀಟಿಗಳಲ್ಲಿ ವೇಷವಿಚಾರ

ಪ್ರಸಿದ್ಧರ ಮುಖಗಳುಳ್ಳ ಹಳೆಯ ಜಾಹೀರಾತಿನ ಚೀಟಿಗಳನ್ನು ಕೂಡಿಸುವವರು, ಉಡುಗೆಯಲ್ಲಿ ಲೋಕರೂಢಿಯನ್ನು ಮೀರಿದವರನ್ನೆಲ್ಲ ‘ವಿಲಕ್ಷಣ ವ್ಯಕ್ತಿಗಳು’ ಎಂಬ ಒಂದೇ ತಲೆಬರಹದ ಕೆಳಗೆ ಸೇರಿಸುವುದುಂಟು. ರಸದೃಷ್ಟಿಯಿಂದ ಈ ವರ್ಗೀಕರಣವು ನಿಲ್ಲತಕ್ಕುದಲ್ಲ.

ವಿಕೃತವಾದ ವೇಷಾಲಂಕಾರಗಳನ್ನು ಭರತಮುನಿಯು ಹಾಸ್ಯಕ್ಕೆ ವಿಭಾವವೆಂದು ಹೇಳಿರುವನು. ಐರ್ಲೆಂಡಿನ ಕವಿ ಆಸ್ಕರ್ ವೈಲ್ಡನ ಚೀಟಿಗಳು ಇದಕ್ಕೆ ಒಳ್ಳೆಯ ಲಕ್ಷ್ಯ. 1882ರಲ್ಲಿ ಸೌಂದರ್ಯೋಪಾಸನೆಯನ್ನು ಕುರಿತು ಉಪನ್ಯಾಸ ಮಾಡುತ್ತ ಅವನು ಅಮೆರಿಕೆಯಲ್ಲಿ ಸಂಚರಿಸಿದಾಗ, ಅವನ ನೀಳಗೂದಲು, ಮೊಣಕಾಲಿನವರೆಗಿನ ಇಜಾರು, ಸೂರ್ಯಕಾಂತಿಯ ಹೂವು ಇವೆಲ್ಲ ವರ್ತಕರ ಚೀಟಿಗಳಲ್ಲಿ ನಗೆಯ ಸಾಮಗ್ರಿಯಾದುವು. ನ್ಯೂಯಾರ್ಕಿನ ನೆಪೋಲಿಯನ್ ಸರೋನಿಯು ತೆಗೆದ ಅವನ ಛಾಯಾಚಿತ್ರವೊಂದನ್ನು ಕಲ್ಲಚ್ಚಿನ ಕಂಪನಿಯೊಂದು ಅಪ್ಪಣೆಯಿಲ್ಲದೆ 85,000 ಪ್ರತಿಗಳಾಗಿ ಅಚ್ಚುಹಾಕಿತು. ಅದು ಒಂದು ಅಂಗಡಿಯ ಟೋಪಿಗಳ ಜಾಹೀರಾತಿಗೆ ಬಳಕೆಯಾಯಿತು. ವಿನೋದವೇನೆಂದರೆ, ಚಿತ್ರದಲ್ಲಿ ವೈಲ್ಡನ ತಲೆಯ ಮೇಲೆ ಟೋಪಿಯೇ ಇಲ್ಲ! ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಭಂಗಿ, ಉಡುಪು, ನೆಳಲುಬೆಳಕುಗಳನ್ನು ಅಳವಡಿಸಿದ ಸರೋನಿಯೇ ಚಿತ್ರದ ಕರ್ತೃವೆಂದು 1884ರಲ್ಲಿ ತೀರ್ಪಾಯಿತು. ಎಂದ ಮೇಲೆ ಆ ವೈಲಕ್ಷಣ್ಯದಲ್ಲಿ ಬಹುಭಾಗವು ಆಹಾರ್ಯ. ಅದನ್ನು ನೋಡಿ ವೈಲ್ಡನ ಸ್ವಭಾವವನ್ನು ನಿರ್ಣಯಿಸುವುದು, ನಟನ ಕಿರೀಟವನ್ನು ಕಂಡು ಅವನಿಗೆ ರಾಜ್ಯವುಂಟೆಂದು ನಂಬಿದಂತೆಯೇ ಸರಿ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಬಂದರೆ ಬಾಲಗಂಧರ್ವರ ಚಿತ್ರಗಳು ಇದಕ್ಕೆ ಪ್ರತ್ಯುದಾಹರಣೆಯಾಗುತ್ತವೆ. ಕಾಗವಾಡಕ್ಕೆ ಸಮೀಪದ ಮಿರಜಿನಲ್ಲಿ 1905ರಲ್ಲಿ ಅವರು ಶಕುಂತಲೆಯಾಗಿ ರಂಗವನ್ನೇರಿದರು. ಆ ‘ಸಂಗೀತ ಶಾಕುಂತಲ’ವನ್ನು ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಸೀರೆಯುಟ್ಟ ಬಾಲಗಂಧರ್ವರ ಚಿತ್ರವು ಸಾಬೂನು ಮೊದಲಾದ ಸರಕುಗಳ ಮಾರಾಟಕ್ಕೂ ಒದಗಿತು. ಮೇಲುನೋಟಕ್ಕೆ ವೈಲ್ಡನದಕ್ಕಿಂತ ಇದೇ ವಿಪರೀತವೇಷ. ಆದರೂ ಇಲ್ಲಿ ನಗೆಯ ಸುಳಿವಿಲ್ಲ. ಕುಲೀನ ಸ್ತ್ರೀಯರು ಆ ಉಡುಗೆತೊಡುಗೆಗಳನ್ನೇ ಅನುಕರಿಸಿದರು. ಕ್ಷೇಮೇಂದ್ರನು ಹೇಳುವ ಔಚಿತ್ಯವು ಸಿದ್ಧಿಸಿದಲ್ಲಿ ವಿಪರೀತವೇಷವೂ ವಿಕೃತವೆನಿಸದು. ಈ ಎರಡು ಚೀಟಿಗಳನ್ನು ಒಂದೇ ಪುಟದಲ್ಲಿಡುವವನು ಹಾಸ್ಯವನ್ನೂ ಶೃಂಗಾರವನ್ನೂ ಒಂದೇ ಎಣಿಸಿದಂತಾಯಿತು.

ತಂಬಾಕಿನ ಪೇಟೆಯಾದ ನಿಪ್ಪಾಣಿಯ ಕಡೆಗೆ ನೋಡಿದರೆ ಬೀಡಿಕಟ್ಟಿನ ಚೀಟಿಯ ನೆನಪಾಗುವುದು. ಅಂಥ ಚೀಟಿಗಳಲ್ಲಿ ಎಷ್ಟೋ ವೇಳೆ ಮಾಲೀಕನ ಮುಖವೇ ಇರುತ್ತದೆ. ಅಲ್ಲಿ ರಸದ ಮಾತಿಲ್ಲ. ಮುಖವು ಮುದ್ರೆಯ ಕೆಲಸವನ್ನು ಮಾಡುತ್ತದೆ.

ಸಂಗ್ರಾಹಕರಲ್ಲಿ ಇನ್ನೊಂದು ದೋಷವು ಇದಕ್ಕಿಂತ ಹಾನಿಕರ. ಚಿತ್ರದ ಮೋಹದಿಂದ ಅವರು ಚೀಟಿಯ ಬೆನ್ನಿಗೆ ಅಂಟು ಬಳಿದು ಪುಸ್ತಕದಲ್ಲಿ ಮೆತ್ತುತ್ತಾರೆ. ವರ್ತಕನ ಊರು, ಅಚ್ಚುಕೂಟದ ಹೆಸರು, ಸರಕಿನ ಗುಣವರ್ಣನೆ ಇವು ಹೆಚ್ಚಾಗಿ ಇರುವುದು ಹಿಂಬದಿಯಲ್ಲಿಯೇ. ಕನ್ನಡ ಮರಾಠಿಗಳೆರಡೂ ಸಂತೆಯಲ್ಲಿ ಕೂಡಿ ನಡೆಯುವ ಈ ಗಡಿಸೀಮೆಯಲ್ಲಿ, ಯಾವ ಕಾಲದಲ್ಲಿ ಯಾವ ಸರಕು ಯಾವ ನುಡಿಯಲ್ಲಿ ಗಿರಾಕಿಯನ್ನು ಕರೆಯಿತೆಂಬುದಕ್ಕೆ ಆ ಕೆಲವು ಸಾಲುಗಳೇ ಸಾಕ್ಷಿ. ಮೂಲೆಗಳನ್ನಷ್ಟೇ ಹಿಡಿಯುವ ಕಾಗದದ ಪಟ್ಟಿಗಳಲ್ಲಿ ಇರಿಸಿದರೆ ಎರಡು ಬದಿಗಳನ್ನೂ ಓದಬಹುದು.