ಸೀಸದ ತೂಕ: ಬೇಟೆ ಸಾಹಿತ್ಯದ ಓದದೇ ಬಿಟ್ಟ ಪುಟಗಳು

ಬೇಟೆಯ ಪುಸ್ತಕಗಳಲ್ಲಿ ನಾವೆಲ್ಲ ಹಾರಿಸಿಬಿಡುವ ಕೆಲವು ಪುಟಗಳಿರುತ್ತವೆ. ಕೋವಿಯ ನಳಿಗೆ ಎಷ್ಟು ಉದ್ದ, ಮದ್ದು ಎಷ್ಟು ಹಾಕಬೇಕು, ಗುಂಡಿನ ಸೀಸಕ್ಕೆ ಏನು ಬೆರೆಸಬೇಕು ಎಂಬ ಪುಟಗಳು. ಆನೆ ಯಾವಾಗ ನುಗ್ಗೀತು ಎಂದು ಕಾಯುವ ಓದುಗನಿಗೆ ಇವು ಬರೀ ಅಡ್ಡಿ. ನನಗೆ ಮಾತ್ರ ಹತ್ತೊಂಬತ್ತನೇ ಶತಮಾನದ ಬೇಟೆ ಸಾಹಿತ್ಯದ ಒಳಹೊಗಲು ಈ ಪುಟಗಳೇ ಬಾಗಿಲು ಎನ್ನಿಸುತ್ತದೆ. ಬೇಟೆಗಾರ ತನ್ನ ಧೈರ್ಯದ ಬಗ್ಗೆ ಬರೆಯುವಾಗ ಉತ್ಪ್ರೇಕ್ಷೆ ಮಾಡಬಹುದು. ಸೀಸ ಕರಗಿಸುವ ಬಗ್ಗೆ ಬರೆಯುವಾಗ ಹಾಗೆ ಮಾಡಿದರೆ ಅವನ ಜೀವಕ್ಕೇ ಸಂಚಕಾರ.

ಅಂದಿನ ಕೋವಿಗಳ ಹೆಸರನ್ನೇ ನೋಡಿ. ‘ನಾಲ್ಕು ಬೋರಿನ ಕೋವಿ’ ಎಂದರೆ ಅದರ ನಳಿಗೆಗೆ ಸರಿಹೊಂದುವ ಸೀಸದ ನಾಲ್ಕು ಗುಂಡುಗಳು ಸೇರಿ ಒಂದು ಪೌಂಡು ತೂಗುತ್ತವೆ ಎಂದರ್ಥ. ಅಂದರೆ ಒಂದೊಂದು ಗುಂಡು ಸುಮಾರು 113 ಗ್ರಾಂ. ಅಂಕಿ ಚಿಕ್ಕದಾದಷ್ಟೂ ಕೋವಿ ದೊಡ್ಡದು. ಕೋವಿಯನ್ನು ಸೀಸದಿಂದ ಅಳೆದ ಕಾಲ ಅದು.

ಇಷ್ಟು ಭಾರದ ಗುಂಡು ಏಕೆ ಬೇಕಿತ್ತು? ಶುದ್ಧ ಸೀಸ ತೀರ ಮೆತು, 327 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಬಿಡುತ್ತದೆ. ಹಾಗಾಗಿ ಬೇಟೆಗಾರ ಒಲೆಯ ಮೇಲೆ ಬಾಣಲೆ, ಕೈಯಲ್ಲಿ ಸೌಟು ಮತ್ತು ಅಚ್ಚು ಹಿಡಿದು ಬಿಡಾರದಲ್ಲೇ ಗುಂಡು ಎರಕ ಹೊಯ್ದುಕೊಳ್ಳಬಹುದಿತ್ತು. ಆದರೆ ಆ ಮೆತುವಾದ ಲೋಹವನ್ನು ವಿಪರೀತ ವೇಗದಲ್ಲಿ ಹಾರಿಸಿದರೆ ಅದು ನಳಿಗೆಯೊಳಗಿನ ಸುರುಳಿಗೆರೆಗಳಿಗೆ ಮೆತ್ತಿಕೊಂಡು ಗುರಿ ಕೆಡುತ್ತದೆ. ಕರಿಮದ್ದಿನಿಂದ ಬರುವ ವೇಗವೂ ಅಷ್ಟಕ್ಕಷ್ಟೇ. ವೇಗ ಹೆಚ್ಚಿಸಲಾಗದಿದ್ದರೆ ತೂಕ ಹೆಚ್ಚಿಸಬೇಕು. ಆನೆಯ ತಲೆಬುರುಡೆಯನ್ನು ಸೀಸದಿಂದ ಒಡೆಯಲು ಉಳಿದದ್ದು ಅದೊಂದೇ ದಾರಿ.

ಈ ವಿಷಯದ ಪಂಡಿತ ಎಂದರೆ ಸ್ಯಾಮ್ಯುಯೆಲ್ ಬೇಕರ್. 1850ರ ದಶಕದಲ್ಲಿ ಸಿಲೋನಿನ ಆನೆಬೇಟೆಯ ಬಗ್ಗೆ ಬರೆದವನು, 1890ರಲ್ಲಿ ‘ವೈಲ್ಡ್ ಬೀಸ್ಟ್ಸ್ ಅಂಡ್ ದೇರ್ ವೇಸ್’ ಪ್ರಕಟಿಸಿದಾಗ ಮೊದಲ ಅಧ್ಯಾಯವನ್ನು ಕೊಟ್ಟದ್ದು ಪ್ರಾಣಿಗಲ್ಲ, ಕೋವಿಗೆ. ತೆಳು ಚರ್ಮದ ಪ್ರಾಣಿಗೆ ಮೆತು ಸೀಸದ ಗಟ್ಟಿ ಗುಂಡೇ ಬೇಕು, ಅದು ಮೈಯೊಳಗೆ ಅಣಬೆಯಂತೆ ಅರಳಿ ತನ್ನ ಬಲವನ್ನೆಲ್ಲ ಅಲ್ಲೇ ಇಳಿಸುತ್ತದೆ. ಆನೆ, ಕಾಡೆಮ್ಮೆಗಳಿಗಾದರೆ ಸೀಸವನ್ನು ಗಡುಸು ಮಾಡಬೇಕು. ಟೊಳ್ಳು ಮೂಗಿನ ಗುಂಡು ಮೇಲೆಮೇಲೆ ಚೂರಾಗಿ ಪ್ರಾಣಿ ಗಾಯಗೊಂಡು ಓಡಿಹೋಗುತ್ತದೆ. ಬೇಕರ್‌ನ ವಾದ ಹೀಗೆ ಸಾಗುತ್ತದೆ. ಇದನ್ನು ಕ್ರೌರ್ಯದ ಗಣಿತ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಓದಲಾರೆ. ತಪ್ಪು ಗುಂಡು ಎಂದರೆ ಪೊದೆಯಲ್ಲಿ ದಿನಗಟ್ಟಲೆ ಸಾಯುವ ಪ್ರಾಣಿ ಎಂಬುದು ಬೇಕರ್‌ಗೆ ಗೊತ್ತಿತ್ತು. ಅವನ ಬರಹದಲ್ಲಿ ಕರುಣೆ ಎಂಬುದು ಎಲ್ಲಾದರೂ ಇದ್ದರೆ ಅದು ಆನೆ ಬೀಳುವ ದೃಶ್ಯಗಳಲ್ಲಿಲ್ಲ, ಸೀಸದ ಪುಟಗಳಲ್ಲಿದೆ.

ಆದರೆ ಆ ಕರುಣೆಗೊಂದು ಮಿತಿಯಿದೆ. ಹೇಗೆ ಕೊಲ್ಲಬೇಕು ಎಂಬುದಕ್ಕೆ ಬೇಕರ್‌ನಲ್ಲಿ ಉತ್ತರ ಸಿದ್ಧವಿದೆ, ಏಕೆ ಎಂಬ ಪ್ರಶ್ನೆ ಬಂದರೆ ಗದ್ಯ ಸಡಿಲವಾಗುತ್ತದೆ. ಅರ್ಧ ಪೌಂಡಿನ ಸಿಡಿಗುಂಡು ಹಾರಿಸುವ ತನ್ನ ದೈತ್ಯ ಕೋವಿಗೆ ಅವನು ಪ್ರೀತಿಯಿಂದ ‘ಬೇಬಿ’ ಎಂದು ಹೆಸರಿಟ್ಟಿದ್ದ. ಕೊಂದ ಆನೆಗಳಿಗೆ ಸಿಕ್ಕಿದ್ದು ಲೆಕ್ಕ ಮಾತ್ರ.

ಫ್ರೆಡರಿಕ್ ಸೆಲೂಸ್‌ನ ಗದ್ಯದ ಕಥೆ ಬೇರೆ. 1871ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದ ಇವನು ಆನೆಬೇಟೆಗೆ ಹೊರಟದ್ದು ಮೂತಿಯಿಂದ ಮದ್ದು ತುಂಬುವ, ನಾಲ್ಕು ಬೋರಿನ ಅಗ್ಗದ ಕೋವಿಗಳನ್ನು ಹಿಡಿದು. ಚೀಲದಿಂದ ಕೈತುಂಬ ಮದ್ದು ಸುರಿದು, ಮೇಲೊಂದು ಸೀಸದ ಉಂಡೆ ಜಡಿದು ಓಡುತ್ತಲೇ ಈಡು ಹೊಡೆಯುವುದು. ಅವು ಆನೆಗಳನ್ನು ಚೆನ್ನಾಗಿಯೇ ಕೊಂದವು. ಆದರೆ ಅವುಗಳ ಒದೆತ ಎಂಥದಿತ್ತೆಂದರೆ, ಅದು ತನ್ನ ನರಗಳನ್ನೇ ಕೆಡಿಸಿತು, ಆ ಕೋವಿಗಳ ಸಹವಾಸವೇ ಬೇಡವಾಗಿತ್ತು ಎಂದು ಅವನು 1881ರ ‘ಎ ಹಂಟರ್ಸ್ ವಾಂಡರಿಂಗ್ಸ್ ಇನ್ ಆಫ್ರಿಕಾ’ದಲ್ಲಿ ಒಪ್ಪಿಕೊಳ್ಳುತ್ತಾನೆ. ಒಮ್ಮೆ ತಪ್ಪಿ ಎರಡು ಸಲ ಮದ್ದು ತುಂಬಿದ್ದ ಕೋವಿ ಅವನನ್ನೇ ಎತ್ತಿ ಎಸೆಯಿತು. ಇಲ್ಲಿ ಗುಂಡಿನ ತೂಕ ಎರಡೂ ಕಡೆ ತಗಲುತ್ತದೆ. ಕೊಲ್ಲುವವನ ಭುಜವೂ ಲೆಕ್ಕ ತೆರುತ್ತದೆ. ತನಗೆ ಆನೆಬೇಟೆ ಕಲಿಸಿದ ‘ಸಿಗಾರ್’ ಎಂಬ ಆಫ್ರಿಕನ್ ಬೇಟೆಗಾರನನ್ನು ಸೆಲೂಸ್ ಹೆಸರಿಟ್ಟು ನೆನೆಯುವುದೂ ಇದಕ್ಕೆ ಹೊಂದುತ್ತದೆ. ಒದೆಸಿಕೊಂಡವನಿಗೆ ಪಕ್ಕದಲ್ಲಿದ್ದವರು ಕಾಣಿಸುತ್ತಾರೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು, ಲೋಹದ ಕವಚ ತೊಟ್ಟ ಗುಂಡು ಬಂದವು. ನಳಿಗೆ ಕಿರಿದಾಯಿತು, ವೇಗ ಹೆಚ್ಚಿತು, ಬಿಡಾರದ ಎರಕದ ಬಾಣಲೆ ಮೂಲೆ ಸೇರಿತು. ಸೆಲೂಸ್ ನಂತರದ ತಲೆಮಾರಿನ ಡಬ್ಲ್ಯು.ಡಿ.ಎಂ. ಬೆಲ್ ಏಳು ಮಿಲಿಮೀಟರಿನ ಸಣ್ಣ ರೈಫಲ್ಲಿನಲ್ಲಿ ನೂರಾರು ಆನೆ ಹೊಡೆದ. 1923ರ ಅವನ ಪುಸ್ತಕದ ಗದ್ಯ ನಯವಾದದ್ದು, ಚುರುಕಾದದ್ದು, ಮತ್ತು ನನ್ನ ಮಟ್ಟಿಗೆ ಹೆಚ್ಚು ಭಯ ಹುಟ್ಟಿಸುವಂಥದ್ದು. ಅಲ್ಲಿ ಭುಜ ನೋಯುವುದಿಲ್ಲ. ಸಾವು ಹಗುರಾಗಿದೆ.

ನಮ್ಮ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲ ಜಾರ್ಜ್ ಆರ್ವೆಲ್‌ನ ‘ಶೂಟಿಂಗ್ ಆನ್ ಎಲಿಫೆಂಟ್’ (1936) ಪ್ರಬಂಧವನ್ನು ಇವುಗಳ ಪಕ್ಕದಲ್ಲಿಟ್ಟು ಓದಬೇಕು. ಅದರ ನಿರೂಪಕನಿಗೆ ಕೋವಿಯ ವಿದ್ಯೆ ಗೊತ್ತಿಲ್ಲ. ಆನೆಯ ಮಿದುಳು ಎಲ್ಲಿದೆ ಎಂಬುದೂ ತಿಳಿಯದೆ ಎರವಲು ರೈಫಲ್ಲಿನಿಂದ ತಪ್ಪು ಜಾಗಕ್ಕೆ ಹೊಡೆಯುತ್ತಾನೆ. ಆನೆ ಸಾಯಲು ಅರ್ಧ ಗಂಟೆ ಹಿಡಿಯುತ್ತದೆ. ಬೇಕರ್ ಕೇಳದ ‘ಏಕೆ’ ಎಂಬ ಪ್ರಶ್ನೆಯನ್ನು ಆರ್ವೆಲ್ ಕೇಳುತ್ತಾನೆ, ಸಾಮ್ರಾಜ್ಯದ ಪೊಳ್ಳುತನವನ್ನು ಬಯಲಿಗೆಳೆಯುತ್ತಾನೆ. ನಾವು ಅದನ್ನು ಮೆಚ್ಚಿ ತರಗತಿಯಲ್ಲಿ ಪಾಠ ಮಾಡುತ್ತೇವೆ. ಆದರೆ ಆ ಅರ್ಧ ಗಂಟೆ ನರಳಿದ್ದು ಆನೆ. ಆರ್ವೆಲ್‌ನ ಪ್ರಶ್ನೆ, ಬೇಕರ್‌ನ ತಿಳಿವು ಎರಡೂ ಒಂದೇ ಕೈಯಲ್ಲಿ ಇರದಿದ್ದುದೇ ಈ ಸಾಹಿತ್ಯದ ದುರಂತ.

ಕನ್ನಡದ ಓದುಗರಿಗೆ ಇದು ದೂರದ ಸಂಗತಿಯಲ್ಲ. ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ದೊಡ್ಡ ಬೋರಿನ ಕೋವಿಗಳ ಬಗ್ಗೆ ಬರೆದಿದ್ದಾನೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಥೆಗಳನ್ನು ಓದಿ ಬೆಳೆದವರು ನಾವು. ಮಲೆನಾಡಿನ ಮಾತಿನಲ್ಲಿ ಕೇಪಿನ ಕೋವಿ, ಚರೆ, ಈಡು ಇನ್ನೂ ಬದುಕಿವೆ. ಹೊಡೆದ ಗುಂಡೂ ‘ಈಡು’, ಅದಕ್ಕೆ ಸಿಕ್ಕ ಜೀವವೂ ‘ಈಡಾಯಿತು’. ಹೊಡೆದವನನ್ನೂ ಬಿದ್ದದ್ದನ್ನೂ ಒಂದೇ ಸದ್ದಿನಲ್ಲಿ ಹಿಡಿಯುವ ಈ ಮಾತು ನಮ್ಮ ವಿಮರ್ಶೆಗೆ ಒಂದು ಒರೆಗಲ್ಲಾಗಬಹುದು.

ಇನ್ನೊಂದು ನಂಟೂ ಇದೆ. ಸೀಸಕ್ಕೆ ತವರ, ಆಂಟಿಮನಿ ಬೆರೆಸಿದರೆ ಗುಂಡು ಗಡುಸಾಗುತ್ತದೆ. ಅಚ್ಚುಮೊಳೆಯ ಲೋಹವೂ ಅದೇ ಮಿಶ್ರಣ. ಆಫ್‌ಸೆಟ್ ಮುದ್ರಣ ಬಂದು ಲೈನೋಟೈಪ್ ಯಂತ್ರಗಳು ಮೂಲೆಗೆ ಸೇರಿದಾಗ, ಇಂದಿಗೂ ಹಳೆಯ ರೀತಿಯಲ್ಲಿ ಎರಕದ ಗುಂಡು ಹೊಯ್ಯುವ ಅಮೆರಿಕದ ಬೇಟೆಗಾರರು ಆ ಅಕ್ಷರಗಳನ್ನು ಕೊಂಡು ಕರಗಿಸಿದರು. ಅದೇ ದೇಶದಲ್ಲಿ, ಬೇಟೆಗಾರರು ಬಿಟ್ಟುಹೋದ ಮಾಂಸದಲ್ಲಿನ ಸೀಸದ ಚೂರು ತಿಂದು ಕಾಂಡೋರ್ ರಣಹದ್ದುಗಳು ಸತ್ತವು. 2019ರ ಜುಲೈಯಿಂದ ಕ್ಯಾಲಿಫೋರ್ನಿಯಾ ಬೇಟೆಯಲ್ಲಿ ಸೀಸದ ಗುಂಡನ್ನೇ ನಿಷೇಧಿಸಿತು. ಗುರಿ ಮುಟ್ಟಿದ ಮೇಲೂ ಗುಂಡಿನ ಕೆಲಸ ಮುಗಿಯುವುದಿಲ್ಲ.

ಬೇಟೆಯ ಪುಸ್ತಕಗಳನ್ನು ಸುಡಬೇಕಿಲ್ಲ, ಸಾಹಸವೆಂದು ಚಪ್ಪರಿಸಬೇಕಾಗಿಯೂ ಇಲ್ಲ. ಮುಂದಿನ ಸಲ ಅಂಥದೊಂದು ಪುಸ್ತಕ ಕೈಗೆ ಸಿಕ್ಕರೆ ಆ ಸೀಸದ ಪುಟಗಳನ್ನು ಹಾರಿಸಬೇಡಿ. ಗುಂಡಿನ ತೂಕ ಎಷ್ಟೆಂದು ಓದಿ, ಅದನ್ನು ಯಾರು ಹೊತ್ತರು, ಯಾರು ತಿಂದರು ಎಂದು ಕೇಳಿಕೊಳ್ಳಿ. ಲೇಖಕ ಎಂಥವನು ಎಂಬುದು ಅಲ್ಲೇ ತಿಳಿಯುತ್ತದೆ.