ಯಶೋಧರ ಚರಿತೆಯಲ್ಲಿ ಬಯಕೆ ಮತ್ತು ಪ್ರಾಮಾಣಿಕತೆ

ಜನ್ನನ ‘ಯಶೋಧರ ಚರಿತೆ’ಯನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಅಮೃತಮತಿಯನ್ನೇ ಸುತ್ತಿಕೊಂಡಿದೆ. ಉಜ್ಜಯಿನಿಯ ಅರಸನ ರಾಣಿ ಕುರೂಪಿಯಾದ ಮಾವುತನಿಗೆ ಒಲಿದಳಷ್ಟೆ. ಅದು ಹೇಗೆ, ಏಕೆ ಎಂಬ ಪ್ರಶ್ನೆ ಓದುಗನನ್ನು ಹಿಡಿದು ನಿಲ್ಲಿಸುವುದು ಸಹಜವೇ. ಹಳಬರು ಅವಳನ್ನು ಜಾರಿಣಿಯೆಂದು ತೆಗಳಿದರು. ಹೊಸಬರಲ್ಲಿ ಕೆಲವರು ಅವಳ ಒಲವಿನ ದಿಟ್ಟತನವನ್ನು ಮೆಚ್ಚಿದರು. ಆದರೆ ಎರಡು ಪಕ್ಷದವರೂ ಒಂದು ಮಾತನ್ನು ವಿಚಾರಿಸದೆ ಒಪ್ಪಿಕೊಂಡಂತಿದೆ: ಬಯಕೆಗೆ ಸಿಕ್ಕಿದವಳು ಅಮೃತಮತಿ, ಅದರಿಂದ ನೊಂದವನು ಯಶೋಧರ. ಈ ಹಂಚಿಕೆ ಕಾವ್ಯಕ್ಕೆ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ. ಬಯಕೆ ಇಬ್ಬರಲ್ಲಿಯೂ ಇದೆ. ಇಬ್ಬರ ಪ್ರಾಮಾಣಿಕತೆಯನ್ನೂ ಅದು ಕೆಡಿಸುತ್ತದೆ. ಕೆಡಿಸುವ ಬಗೆ ಮಾತ್ರ ಬೇರೆ. ಆ ಬೇರೆತನವನ್ನು ತೋರಿಸುವುದಷ್ಟೇ ಪ್ರಕೃತ ಲೇಖನದ ಉದ್ದೇಶ.

ಕಥೆ ಜನ್ನನ ಸ್ವಂತದ್ದಲ್ಲ. ಸೋಮದೇವನ ‘ಯಶಸ್ತಿಲಕ’ ೯೫೯ರಷ್ಟು ಹಿಂದಿನದು. ವಾದಿರಾಜನ ಸಂಸ್ಕೃತ ಕಾವ್ಯ ಜನ್ನನಿಗೆ ನೇರವಾದ ಆಕರವೆಂದು ವಿದ್ವಾಂಸರು ತೋರಿಸಿದ್ದಾರೆ. ೧೨೦೯ರಲ್ಲಿ, ವೀರಬಲ್ಲಾಳನ ಆಶ್ರಯದಲ್ಲಿದ್ದ ಕವಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ ನಾಲ್ಕು ಅವತಾರಗಳ ಈ ಪುಟ್ಟ ಕಾವ್ಯವನ್ನು ಮುಗಿಸಿದನು. ಚಂಪೂವಿನ ಹದಿನೆಂಟು ವರ್ಣನೆಗಳ ಹೊರೆಯನ್ನು ಕೆಳಗಿಳಿಸಿದ್ದರಿಂದಲೇ ಅವನಿಗೆ ಮನಸ್ಸಿನ ಹೆಜ್ಜೆಗಳನ್ನು ಎಣಿಸುವುದಕ್ಕೆ ಬಿಡುವು ದೊರೆಯಿತೆಂದು ತೋರುತ್ತದೆ.

ಮೊದಲು ಅಮೃತಮತಿಯ ಸಂಗತಿ. ಇರುಳಿನಲ್ಲಿ ಆನೆಯ ಲಾಯದ ಕಡೆಯಿಂದ ಹಾಡೊಂದು ಕೇಳಿಬರುತ್ತದೆ. ರಾಣಿ ಅದಕ್ಕೆ ಮನಸೋಲುತ್ತಾಳೆ. ಹಾಡಿದವನಾರೆಂದು ನೋಡಿಬರಲು ಆಪ್ತಸಖಿಯನ್ನು ಕಳುಹಿಸುತ್ತಾಳೆ. ಅಷ್ಟಾವಂಕನನ್ನು ಕಂಡು ಹೇಸಿ ಹಿಂದಿರುಗಿದ ಸಖಿ ಅವನ ಒಂದೊಂದು ಅಂಗದ ವಿಕಾರವನ್ನೂ ಬಿಡದೆ ವರ್ಣಿಸುತ್ತಾಳೆ. ಇಲ್ಲಿ ವಾಚಕರು ಗಮನಿಸಬೇಕಾದುದು ರಾಣಿಯ ಉತ್ತರ. ಅವನು ಕುರೂಪಿಯಲ್ಲವೆಂದು ಅವಳು ಹೇಳುವುದಿಲ್ಲ. ಸಖಿ ಕಂಡದ್ದನ್ನು ತಪ್ಪಾಗಿ ಕಂಡಳೆನ್ನುವುದಿಲ್ಲ. ಕಸ್ತೂರಿ ಕಪ್ಪೆಂದು, ಚಂದನದ ಕೊರಡು ಮುರುಟಿದೆಯೆಂದು, ಕಾಮನ ಬಿಲ್ಲು ಡೊಂಕೆಂದು ಯಾರಾದರೂ ಕೀಳ್ಗಳೆಯುವರೆ ಎಂದು ಕೇಳುತ್ತಾಳೆ. ಸಖಿಯ ವರದಿಯನ್ನು ಪೂರ್ತಿಯಾಗಿ ಒಪ್ಪಿಕೊಂಡು, ಅದಕ್ಕೆ ಕಟ್ಟಬೇಕಾದ ಬೆಲೆಯನ್ನು ಮಾತ್ರ ಬದಲಿಸುತ್ತಾಳೆ.

ಇದು ಪ್ರಾಮಾಣಿಕತೆಯೆ? ಅರ್ಧ ಮಟ್ಟಿಗೆ ಹೌದು. ತನ್ನ ಬಯಕೆ ಏನನ್ನು ಬಯಸಿದೆಯೆಂಬುದು ಅವಳಿಗೆ ಗೊತ್ತು. ಅದನ್ನು ತನ್ನಿಂದ ತಾನು ಮುಚ್ಚಿಡಲಿಲ್ಲ. ಆದರೆ ಉಳಿದರ್ಧವೂ ಇದೆ. ಆ ಹೋಲಿಕೆಗಳು ಎಷ್ಟು ಬೇಗ ಬಂದವು, ಎಷ್ಟು ಒಪ್ಪವಾಗಿ ಬಂದವು ಎಂಬುದನ್ನು ನೋಡಿ. ಮನಸ್ಸು ತೀರ್ಪು ಕೊಟ್ಟಾದ ಮೇಲೆ ಸಾಕ್ಷಿಗಳನ್ನು ಕರೆಸಲಾಗಿದೆ. ಕರೆಸಿದ್ದೂ ಅರಮನೆಯ ಸುಗಂಧದ್ರವ್ಯದ ಕೋಣೆಯಿಂದ! ಬಯಕೆಯಷ್ಟು ಒಳ್ಳೆಯ ಅಲಂಕಾರಿಕ ಮತ್ತೊಬ್ಬನಿಲ್ಲವೆಂಬುದನ್ನು ಜನ್ನ ಬಲ್ಲನು.

ಮುಂದೆ ಅವಳು ತಡವಾಗಿ ಹೋದ ರಾತ್ರಿ ಅಷ್ಟಾವಂಕ ಅವಳನ್ನು ಹೊಡೆಯುತ್ತಾನೆ. ಅವಳು ತಡವಾದುದಕ್ಕೆ ಕಾರಣ ಹೇಳಿ ಬೇಡಿಕೊಳ್ಳುತ್ತಾಳೆ. ಇಡೀ ಕಥೆಯಲ್ಲಿ ಅವಳು ಮರೆಮಾಚದೆ ಮಾತನಾಡುವುದು ಸಖಿಯೊಡನೆ ಮತ್ತು ಈ ಹೊಡೆಯುವವನೊಡನೆ ಮಾತ್ರ. ಉಳಿದ ಕಡೆಯಲ್ಲೆಲ್ಲ ಸುಳ್ಳು ದಿನದಿನಕ್ಕೆ ಬೆಳೆಯುತ್ತದೆ: ಮೊದಲು ಸದ್ದಿಲ್ಲದೆ ಹಾಸಿಗೆಗೆ ಮರಳುವುದು, ಕೊನೆಗೆ, ತಪಸ್ಸಿಗೆ ಹೊರಟ ಗಂಡನನ್ನೂ ಅತ್ತೆಯನ್ನೂ ಊಟಕ್ಕೆ ಕರೆದು ವಿಷವಿಕ್ಕುವುದು. ಅವಳ ದಿಟ್ಟತನವನ್ನು ಮೆಚ್ಚುವ ವಿಮರ್ಶಕರು ಈ ಊಟದ ಪ್ರಸಂಗವನ್ನು ಸಾಮಾನ್ಯವಾಗಿ ಅವಸರದಲ್ಲಿ ದಾಟಿಬಿಡುತ್ತಾರೆ. ಕವಿಯೂ ಇಲ್ಲಿ ಸ್ವಲ್ಪ ಅವಸರಪಟ್ಟಿದ್ದಾನೆಂದು ಒಪ್ಪಬೇಕು. ಗುಟ್ಟಿನ ಒಲವು ಕೊಲೆಯವರೆಗೆ ನಡೆದ ದಾರಿಯನ್ನು ಅವನು ಇನ್ನಷ್ಟು ತೋರಿಸಬಹುದಾಗಿತ್ತು.

ಇನ್ನು ಯಶೋಧರ. ಅವನು ಕತ್ತಿ ಹಿಡಿದು ರಾಣಿಯನ್ನು ಹಿಂಬಾಲಿಸುತ್ತಾನೆ; ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ; ಎತ್ತಿದ ಕತ್ತಿಯನ್ನು, ಇಂಥವರನ್ನು ಕೊಲ್ಲುವುದು ತನ್ನ ಪರಾಕ್ರಮಕ್ಕೆ ತಕ್ಕುದಲ್ಲವೆಂದು ತಡೆಯುತ್ತಾನೆ. ಇದನ್ನು ಸಂಯಮವೆಂದು ಹೊಗಳುವುದು ವಾಡಿಕೆ. ಸಂಯಮವೇ ಇರಬಹುದು. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣು ಎತ್ತ ನೋಡುತ್ತಿದೆ? ತನ್ನ ಹಿರಿಮೆಯತ್ತ. ಯಶೋಧರನ ಬಯಕೆ ಹೆಣ್ಣಿನದಲ್ಲ, ಮಣ್ಣಿನದೂ ಅಲ್ಲ. ತನ್ನ ಹೆಸರಿಗೆ ತಕ್ಕಂತೆ ಕಳಂಕವಿಲ್ಲದ ಯಶಸ್ಸನ್ನು ಧರಿಸಿ ಉಳಿಯಬೇಕೆಂಬ ಹಂಬಲ ಅದು. ಬಯಕೆಯೆಂದೇ ಕಾಣದಿರುವುದರಿಂದ ಅದು ಹೆಚ್ಚು ಅಪಾಯಕಾರಿ.

ಮರುದಿನ ಅವನು ಸರಸದ ನೆಪದಲ್ಲಿ ನೈದಿಲೆಯ ಹೂವಿನಿಂದ ರಾಣಿಯನ್ನು ಹೊಡೆಯುತ್ತಾನೆ. ಅವಳು ಮೂರ್ಛೆಹೋದವಳಂತೆ ಬೀಳುತ್ತಾಳೆ. ಅವನು ಚುಚ್ಚುವಂತೆ ಮರುಕದ ಮಾತಾಡುತ್ತಾನೆ. ಹಿಂದಿನ ಇರುಳು ಬಲವಾದ ಪೆಟ್ಟುಗಳನ್ನು ತಾಳಿಕೊಂಡ ಮೈ ಹೂವಿಗೆ ಸೋತಿತೆಂಬ ವ್ಯಂಗ್ಯವನ್ನು ಎಲ್ಲರೂ ಕೊಂಡಾಡಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ತನಗೆ ತಿಳಿದಿದೆಯೆಂಬುದು ಅವಳಿಗೆ ತಿಳಿಯಬೇಕು, ಆದರೆ ತಾನು ಹೇಳಿದಂತಾಗಬಾರದು: ಇದು ಅರಸನ ಇಚ್ಛೆ. ಅವನು ಶಿಕ್ಷಿಸಲಿಲ್ಲ, ಕ್ಷಮಿಸಲೂ ಇಲ್ಲ.

ಮಗನ ಮುಖ ಬಾಡಿದ್ದನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ಯಶೋಧರ ಕಂಡದ್ದನ್ನು ಕನಸೆಂದು ಮರೆಸಿ ಹೇಳುತ್ತಾನೆ. ಇಂಥ ಮಾತನ್ನು ಯಾವ ಮಗ ತಾಯಿಯ ಮುಂದೆ ಆಡಿಯಾನು ಎಂದು ಕೇಳಬಹುದು, ಕೇಳುವುದು ನ್ಯಾಯವೇ. ಆದರೆ ಮೌನವಾಗಿರಲು ಅವನಿಗೆ ಅವಕಾಶವಿತ್ತು. ಮೌನಕ್ಕೂ ಕನಸಿಗೂ ಬಹಳ ಅಂತರವಿದೆ. ಮೌನ ಇನ್ನೊಬ್ಬರನ್ನು ತಪ್ಪುದಾರಿಗೆ ನಡೆಸುವುದಿಲ್ಲ, ಕನಸು ನಡೆಸಿತು. ಇಲ್ಲದ ಕೆಟ್ಟ ಕನಸಿಗೆ ತಾಯಿ ಪ್ರಾಮಾಣಿಕವಾಗಿ ಶಾಂತಿಯನ್ನು ವಿಧಿಸುತ್ತಾಳೆ: ದೇವಿಗೆ ಪ್ರಾಣಿಬಲಿ. ಬೇರೆ ರೋಗ ಹೇಳಿಕೊಂಡವನಿಗೆ ವೈದ್ಯನು ಕೊಟ್ಟ ಮದ್ದಿನಂತಾಯಿತು ಅದು.

ಮಗ ಕೊಲೆಗೆ ಒಪ್ಪುವುದಿಲ್ಲ, ತಾಯಿ ಬಿಡುವುದಿಲ್ಲ. ಆಗ ಹುಟ್ಟಿದ್ದು ಹಿಟ್ಟಿನ ಕೋಳಿ. ತಾಯಿಯ ಮಾತೂ ನಡೆಯಿತು, ತನ್ನ ವ್ರತವೂ ಉಳಿಯಿತು. ಕನಸು ಸುಳ್ಳೆಂದು ಬಾಯಿಬಿಟ್ಟು ಹೇಳಬೇಕಾಗಿಯೂ ಬರಲಿಲ್ಲ. ಬ್ಯಾಂಕಿನ ಲೆಕ್ಕವನ್ನು ಇಪ್ಪತ್ತು ವರ್ಷ ನೋಡಿದ ನನ್ನಂಥವನಿಗೆ ಇಲ್ಲಿ ಸಸ್ಪೆನ್ಸ್ ಖಾತೆಯ ನೆನಪಾಗದೆ ಇರದು. ಯಾವ ಖಾತೆಗೆ ಸೇರಬೇಕೆಂದು ಗೊತ್ತಾಗದ ಮೊತ್ತವನ್ನು ಒಂದೆರಡು ದಿನ ಅಲ್ಲಿಡುವುದು ಸರಿಯಾದ ಪದ್ಧತಿಯೇ. ಗೊತ್ತಿದ್ದೂ ಅಲ್ಲಿಯೇ ಇಟ್ಟರೆ ಜಮೆ ಖರ್ಚು ಎರಡೂ ಕಡೆ ಕೂಡಿಸಿದಾಗ ಸರಿಬರುತ್ತದೆ, ಲೆಕ್ಕ ಮಾತ್ರ ನಿಜವಾಗಿರುವುದಿಲ್ಲ. ಹಿಟ್ಟಿನ ಕೋಳಿಯಲ್ಲಿ ಯಶೋಧರನ ಲೆಕ್ಕ ಹೀಗೆ ಸರಿಬಂದಿತು.

ಆದರೆ ಕತ್ತಿ ಬಿದ್ದಾಗ ಹಿಟ್ಟು ಕೂಗಿತು. ಅದರ ಚೆಲುವಿಗೆ ಮರುಳಾಗಿ ಒಂದು ಬೆಂತರ ಒಳಹೊಕ್ಕಿದ್ದಿತೆಂದು ಕವಿ ಕಾರಣ ಕೊಡುತ್ತಾನೆ. ಜೈನ ಶಾಸ್ತ್ರದ ಪ್ರಕಾರ ಇದು ಸಂಕಲ್ಪಹಿಂಸೆ. ಕೊಲ್ಲುವೆನೆಂದು ಕೈಯೆತ್ತಿದ ಭಾವವೇ ಪಾಪಕ್ಕೆ ಸಾಕು. ನವಿಲು ನಾಯಿಗಳಿಂದ ತೊಡಗಿ ಕೋಳಿಗಳವರೆಗೆ ತಾಯಿಮಕ್ಕಳು ಪಡುವ ಜನ್ಮಗಳ ಸಾಲನ್ನು ಕಂಡು, ಒಂದು ಹಿಟ್ಟಿನ ಮುದ್ದೆಗೆ ಇಷ್ಟು ದೊಡ್ಡ ದಂಡವೆ ಎಂದು ಆಧುನಿಕ ಓದುಗನು ಬೇಸರಪಡುವುದುಂಟು. ಕಾರ್ನಾಡರು ೧೯೮೦ರಲ್ಲಿ ಪ್ರಕಟವಾದ ‘ಹಿಟ್ಟಿನ ಹುಂಜ’ದಲ್ಲಿ ಸಂಕಲ್ಪಹಿಂಸೆಯ ಈ ಪ್ರಶ್ನೆಯನ್ನೇ ರಂಗದ ನಡುವಿಗೆ ತಂದರು. ದಂಡ ಕೋಳಿಯೊಂದಕ್ಕೇ ಅಲ್ಲವೆಂದು ಓದಿದರೆ ಈ ಆಕ್ಷೇಪಣೆಯ ಮೊನೆ ಸ್ವಲ್ಪ ಮೊಂಡಾಗುತ್ತದೆ. ಹೂವಿನ ಪೆಟ್ಟು, ಕಟ್ಟಿದ ಕನಸು, ಹಿಟ್ಟಿನ ಕೋಳಿ: ಮೂರೂ ಒಂದೇ ಕೈಯ ಕೆಲಸ. ನಿಜವಾದ ಪೆಟ್ಟಿನ ಬದಲಿಗೆ ಹೂವು, ನಿಜವಾದ ಮಾತಿನ ಬದಲಿಗೆ ಕನಸು, ನಿಜವಾದ ಬಲಿಯ ಬದಲಿಗೆ ಹಿಟ್ಟು. ಅಮೃತಮತಿ ಸಂಗತಿಯನ್ನು ಇದ್ದಂತೆ ಬಿಟ್ಟು ಅದರ ಬೆಲೆಯನ್ನು ತಿದ್ದಿದಳು. ಯಶೋಧರ ಬೆಲೆಯನ್ನು ಇದ್ದಂತೆ ಕಾಪಾಡುವುದಕ್ಕಾಗಿ ಸಂಗತಿಯನ್ನು ಬದಲಿಸುತ್ತ ಹೋದನು. ತನ್ನ ತತ್ತ್ವಗಳಲ್ಲಿ ಒಂದನ್ನೂ ಬಿಟ್ಟುಕೊಡಲಿಲ್ಲವೆಂದು ಅವನು ಕೊನೆಯವರೆಗೂ ನಂಬಬಹುದಿತ್ತು, ಆ ಕೋಳಿ ಕೂಗದಿದ್ದರೆ.

ಜನ್ನ ಈ ವಸ್ತುವನ್ನು ಮರೆಯಲಿಲ್ಲ. ಇಪ್ಪತ್ತೊಂದು ವರ್ಷಗಳ ತರುವಾಯ, ೧೨೩೦ರ ‘ಅನಂತನಾಥ ಪುರಾಣ’ದಲ್ಲಿ, ಅತಿಥಿಯಾಗಿ ಬಂದು ಗೆಳೆಯ ವಸುಷೇಣನ ಮಡದಿ ಸುನಂದೆಗೆ ಆಸೆಪಟ್ಟು ಅಪಹರಿಸುವ ಚಂಡಶಾಸನನ ಕಥೆಯಿದೆ. ಅಲ್ಲಿಯೂ ಒಂದು ಕೃತಕ ವಸ್ತು ಬರುತ್ತದೆ: ವಸುಷೇಣನದೆಂದು ನಂಬಿಸಲು ಮಾಡಿಸಿದ ತಲೆ. ಅದನ್ನು ನಿಜವೆಂದು ನಂಬಿ ಸುನಂದೆ ಪ್ರಾಣಬಿಡುತ್ತಾಳೆ. ಸುಳ್ಳಿನ ತಲೆಯಿಂದ ನಿಜವಾದ ಸಾವು. ಹಿಟ್ಟಿನ ಕೋಳಿಗೂ ಈ ತಲೆಗೂ ಇರುವ ನಂಟನ್ನು ನಮ್ಮವರು ಇನ್ನೂ ಹೆಚ್ಚಾಗಿ ಪರಿಶೀಲಿಸಬೇಕಾಗಿದೆ.

ಒಂದು ಅಂಶ ಉಳಿಯಿತು. ಈ ಕಥೆಯನ್ನು ಹೇಳುವವರಾರು ಎಂಬುದನ್ನು, ಕಥೆಯ ರಭಸದಲ್ಲಿ, ನಾವು ಮರೆಯುತ್ತೇವೆ. ರಾಜಪುರದ ಚಂಡಮಾರಿಯ ಗುಡಿಗೆ ಬಲಿಗೆಂದು ಹಿಡಿತಂದ ಬಾಲಕ ಅಭಯರುಚಿ, ದೊರೆ ಮಾರಿದತ್ತನ ಮುಂದೆ ನಿಂತು ಇದನ್ನು ಹೇಳುತ್ತಿದ್ದಾನೆ. ಹಿಂದೆ ಯಶೋಧರನಾಗಿದ್ದವನು ಅವನೇ. ಈಗ ಕಾಪಾಡಿಕೊಳ್ಳಬೇಕಾದ ಹೆಸರಿಲ್ಲ, ರಾಜ್ಯವಿಲ್ಲ. ಬದುಕಿ ಉಳಿಯಬೇಕೆಂಬ ಆಸೆಯೂ ಅವನ ಮಾತಿನಲ್ಲಿ ಕಾಣುವುದಿಲ್ಲ. ಹೂವು, ಕನಸು, ಹಿಟ್ಟು ಯಾವುದರ ಮರೆಯೂ ಇಲ್ಲದೆ ಆ ರಾತ್ರಿ ಕಂಡದ್ದನ್ನು ಕಂಡಂತೆ ಹೇಳುತ್ತಾನೆ. ಪಕ್ಕದಲ್ಲಿ ನಿಂತು ಅದನ್ನು ಕೇಳುತ್ತಿರುವ ತಂಗಿ ಅಭಯಮತಿ, ಹಿಂದೆ ಅವನ ತಾಯಿಯಾಗಿದ್ದ ಚಂದ್ರಮತಿ.