ಇಲಿಗಾಗಿ ಕಟ್ಟಿದ ಓಣಿ

ಥರ್ಮೋಕೋಲಿನ ದೊಡ್ಡ ಚೆಂಡೊಂದು ಕೆಳಗಿನಿಂದ ಊದುವ ಗಾಳಿಯಲ್ಲಿ ತೇಲುತ್ತಿದೆ. ಅದರ ಮೇಲೆ ತಲೆ ಅಲ್ಲಾಡದಂತೆ ಬಿಗಿದ ಪುಟ್ಟ ಇಲಿ. ಇಲಿ ಓಡಿದರೆ ಚೆಂಡು ಉರುಳುತ್ತದೆ, ಸುತ್ತಲಿನ ಪರದೆಯ ಮೇಲಿನ ಓಣಿ ಹಿಂದಕ್ಕೆ ಸರಿಯುತ್ತದೆ. ಓಣಿಯ ತುದಿಯಲ್ಲಿ ಒಂದು ಹನಿ ನೀರು. ಪ್ರಿನ್ಸ್‌ಟನ್ನಿನ ಡೇವಿಡ್ ಟ್ಯಾಂಕ್ ತಂಡ 2009ರಲ್ಲಿ ಪ್ರಕಟಿಸಿದ ಈ ಪ್ರಯೋಗದ ಓಣಿಯನ್ನು ಕಟ್ಟಿದ್ದು ಕ್ವೇಕ್ 2 ಎಂಬ ಗುಂಡು ಹಾರಿಸುವ ವಿಡಿಯೋ ಗೇಮಿನ ಎಂಜಿನ್ನಿನಲ್ಲಿ. ಈ ವಿವರ ಓದಿದಾಗಲೆಲ್ಲ ನನಗೆ ನಗು ಬರುತ್ತದೆ.

ತಲೆ ಬಿಗಿಯುವುದಕ್ಕೆ ಕಾರಣವಿದೆ. ‘ಓಡುತ್ತಿರುವ’ ಇಲಿಯ ಒಂದೇ ನರಕೋಶದೊಳಗಿನ ವಿದ್ಯುತ್ತನ್ನು ಗಾಜಿನ ನಳಿಕೆಯಿಂದ ಅಳೆಯಬೇಕಾದರೆ ತಲೆ ಕದಲಬಾರದು. ಆ ಅಳತೆ ದಕ್ಕಿದ್ದು ದೊಡ್ಡ ಸಾಧನೆಯೇ. ನನ್ನ ತಕರಾರು ‘ಓಡುತ್ತಿರುವ’ ಎಂಬ ಮಾತಿನ ಬಗ್ಗೆ.

ನಾನೂ ಇಂಥ ಓಣಿಗಳನ್ನು ಕಟ್ಟುತ್ತೇನೆ. ಗೋಡೆಗೆ ಪಟ್ಟೆ ಬಳಿಯಲೋ ಚುಕ್ಕಿ ಇಡಲೋ ಎಂದು ಇಡೀ ಮಧ್ಯಾಹ್ನ ಕಳೆದದ್ದುಂಟು. ಚೆನ್ನಾಗಿದೆಯೇ ಎಂದು ನೋಡುವುದು ಮಾತ್ರ ನನ್ನ ಕಣ್ಣಿನಿಂದ, ನನ್ನ ಮಾನಿಟರಿನಲ್ಲಿ. ಇಲಿಯಾದರೋ ಲೋಕವನ್ನು ಮೀಸೆಯಿಂದ ಸವರಿ, ಮೂಗಿನಿಂದ ಮೂಸಿ ತಿಳಿಯುವ ಜೀವಿ. ನನ್ನ ಓಣಿಗೆ ವಾಸನೆಯಿಲ್ಲ, ಗೋಡೆ ಮೀಸೆಗೆ ತಾಗುವುದಿಲ್ಲ. ಇಲಿಗೆ ನೇರಳಾತೀತ ಬೆಳಕೂ ಕಾಣುತ್ತದೆ. ಮಾಮೂಲಿ ಪ್ರೊಜೆಕ್ಟರಿಗೆ ಅದು ಗೊತ್ತೇ ಇಲ್ಲ.

ಇದು ಬರೀ ಸೌಂದರ್ಯದ ಪ್ರಶ್ನೆಯಾಗಿದ್ದರೆ ಸುಮ್ಮನಿರಬಹುದಿತ್ತು. ಹಿಪೊಕ್ಯಾಂಪಸ್ಸಿನಲ್ಲಿ, ಪ್ರಾಣಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಿಡಿಯುವ ‘ಸ್ಥಳ ಕೋಶ’ಗಳನ್ನು ಜಾನ್ ಓಕೀಫ್ ಜೊತೆಗಾರರೊಂದಿಗೆ 1971ರಲ್ಲಿ ಗುರುತಿಸಿದ್ದರು. ಟ್ಯಾಂಕ್ ತಂಡದ ನೇರ ಓಣಿಯಲ್ಲೂ ಅವು ಮಿಡಿದವು. ಆದರೆ ಲಾಸ್ ಏಂಜಲೀಸಿನ ಮಯಾಂಕ್ ಮೆಹ್ತಾ ತಂಡ ನಿಜದ ಹಾದಿಯನ್ನೂ ಪರದೆಯ ಹಾದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ (2013), ಪರದೆಯ ಹಾದಿಯಲ್ಲಿ ಮಿಡಿದ ಕೋಶಗಳು ಕಡಿಮೆ. ಹಾದಿಯ ಬದಲು ಬಯಲು ಕೊಟ್ಟಾಗ (2015) ಜಾಗದ ಗುರುತೇ ಬಹುಮಟ್ಟಿಗೆ ಮಸುಕಾಯಿತು. ಈ ನಡುವೆ, 2014ರಲ್ಲಿ, ಡ್ಮಿಟ್ರಿ ಅರೋನೊವ್ ಮತ್ತು ಟ್ಯಾಂಕ್ ಇಲಿಗೆ ಮೈ ತಿರುಗಿಸಲು ಬಿಟ್ಟರು. ಪರದೆಯ ಬಯಲಿನಲ್ಲೂ ಸ್ಥಳ ಕೋಶಗಳು ಸಿಕ್ಕವು!

ಅಂದರೆ ಚಿತ್ರವನ್ನು ಇನ್ನಷ್ಟು ನೈಜವಾಗಿಸುವ ನಮ್ಮ ಹಟ ದಾರಿ ತಪ್ಪಿದೆ ಎಂದೇ ನನ್ನ ಅನಿಸಿಕೆ. ಕೊರತೆ ಬಹುಶಃ ಪರದೆಯಲ್ಲಿರಲಿಲ್ಲ, ತಿರುಗಲಾರದ ಮೈಯಲ್ಲಿತ್ತು. ಈ ಕೃತಕ ಲೋಕಗಳ ನಿಜವಾದ ಉಪಯೋಗ ನಿಜವನ್ನು ನಕಲು ಮಾಡುವುದಕ್ಕಿಂತ, ಒಂದೊಂದೇ ಇಂದ್ರಿಯವನ್ನು ಕಳಚಿಟ್ಟು ಏನು ಉಳಿಯುತ್ತದೆಂದು ನೋಡುವುದರಲ್ಲಿದೆ. ಪ್ರಬಂಧಗಳ ಭಾಷೆ ಮಾತ್ರ ಇದನ್ನು ಮರೆಸುತ್ತದೆ.

ಹೋದ ತಿಂಗಳು ನನ್ನ ಕರಡಿನಲ್ಲಿ ‘ಇಲಿ ಓಣಿಯ ತುದಿಗೆ ನಡೆಯಿತು’ ಎಂಬುದನ್ನು ಹೊಡೆದು ‘ಚೆಂಡು ಉರುಳಿತು, ಚಿತ್ರ ಸರಿಯಿತು’ ಎಂದು ಬರೆದೆ. ಓದಿದ ಹಿರಿಯರೊಬ್ಬರು ಮತ್ತೆ ‘ನಡೆಯಿತು’ ಎಂದು ತಿದ್ದಿ ಕಳಿಸಿದ್ದಾರೆ. ನಾನಿನ್ನೂ ಒಪ್ಪಿಲ್ಲ.